ತಲುಪದೆ ಉಳಿದ ಹಾಡುಗಳು

‘ಕವಿರಾಜಮಾರ್ಗ’ವನ್ನು ಪಾಠ ಮಾಡುವ ಅಧ್ಯಾಪಕನಿಗೆ ಪ್ರತಿವರ್ಷವೂ ಎದುರಾಗುವ ಒಂದು ಮುಜುಗರವಿದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: “ಸರ್, ಇವರು ಬರೆದ ಕೃತಿಗಳು ಯಾವುವು?” ದೊರೆತಿಲ್ಲ ಎನ್ನುತ್ತೇನೆ. “ಏಕೆ ದೊರೆತಿಲ್ಲ?” ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ಕಾಲವು ಜರಡಿ ಹಿಡಿಯುತ್ತದೆ. ಗಟ್ಟಿಯಾದದ್ದು ಉಳಿಯುತ್ತದೆ, ಜೊಳ್ಳು ಹಾರಿಹೋಗುತ್ತದೆ. ನನ್ನ ಗುರುಗಳ ಪೀಳಿಗೆಯ ಅನೇಕರು ಹೇಳುತ್ತಿದ್ದ ಮಾತು ಇದು. ನಾನೂ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆ. ಈ ನಂಬಿಕೆಯನ್ನು ಅಲುಗಾಡಿಸಿದ್ದು ಗ್ರಂಥಸಂಪಾದನಶಾಸ್ತ್ರದ ಯಾವ ಪುಸ್ತಕವೂ ಅಲ್ಲ. ಅಮೆರಿಕದ ಮೆಂಫಿಸ್ ನಗರದ ನಾಲ್ವರು ಹುಡುಗರ ಹಾಡುಗಳನ್ನು ತುಂಬಿಕೊಂಡಿದ್ದ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ ಆ ಕೆಲಸವನ್ನು ಮಾಡಿತು.

1994ನೆಯ ಇಸವಿ. ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಸಂಶೋಧನೆಯಲ್ಲಿ ತೊಡಗಿದ್ದ ನಾನು ಹಾಸ್ಟೆಲಿನಲ್ಲಿ ಪುತ್ತೂರಿನ ಕಡೆಯ ಒಬ್ಬ ಭೌತಶಾಸ್ತ್ರದ ಸಂಶೋಧಕನೊಂದಿಗೆ ಕೋಣೆಯನ್ನು ಹಂಚಿಕೊಂಡಿದ್ದೆ. ಪಾಶ್ಚಾತ್ಯ ಸಂಗೀತದ ಪರಿಚಯ ನನಗೆ ಇರಲಿಲ್ಲ. ಆ ವರ್ಷ ಮರಾಯ ಕ್ಯಾರಿ ಎಂಬ ಗಾಯಕಿಯ ‘ವಿದೌಟ್ ಯು’ ಹಾಡು ಎಲ್ಲೆಲ್ಲೂ ಕೇಳಿಬರುತ್ತಿತ್ತು. ನಮ್ಮ ಹಾಸ್ಟೆಲಿನ ಪಡಸಾಲೆಯೂ ಅದಕ್ಕೆ ಹೊರತಾಗಿರಲಿಲ್ಲ. ಒಂದು ಸಂಜೆ ಅದನ್ನು ನಾನು ಮೆಚ್ಚಿ ಮಾತನಾಡಿದಾಗ ಗೆಳೆಯ, “ಅದು ಅವಳದ್ದಲ್ಲ ಮಾರಾಯ” ಎಂದ. ಮತ್ತಾರದ್ದು ಎಂದೆ. “ನಿಲ್ಸನ್ ಅಂತ ಒಬ್ಬ ಹಾಡಿದ್ದ. ಆದರೆ ಅವನದ್ದೂ ಅಲ್ಲ.”

ಕರ್ತೃತ್ವದ ಪ್ರಶ್ನೆ ಎಂದರೆ ಕಿವಿ ನೆಟ್ಟಗಾಗುವುದು ನಮ್ಮ ಕ್ಷೇತ್ರದವರ ದೌರ್ಬಲ್ಯ. ಆ ರಾತ್ರಿ ಅವನು ಬಿಡಿಸಿ ಹೇಳಿದ ಸಂಗತಿ ಹೀಗಿದೆ. ಹಾಡು ಬ್ಯಾಡ್‌ಫಿಂಗರ್ ಎಂಬ ಬ್ರಿಟಿಷ್ ತಂಡದ್ದು. 1970ರ ಅವರ ‘ನೋ ಡೈಸ್’ ಎಂಬ ಧ್ವನಿತಟ್ಟೆಯಲ್ಲಿದೆ. ಪೀಟ್ ಹ್ಯಾಮ್ ಬರೆದ ಅಪೂರ್ಣ ಹಾಡೊಂದರ ಚರಣಕ್ಕೆ ಟಾಮ್ ಎವನ್ಸ್ ಬರೆದಿದ್ದ ಮತ್ತೊಂದು ಅಪೂರ್ಣ ಹಾಡಿನ ಪಲ್ಲವಿಯನ್ನು ಜೋಡಿಸಿದಾಗ ಅದು ಹುಟ್ಟಿತು. ಅವರೇ ಹಾಡಿದಾಗ ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಹ್ಯಾರಿ ನಿಲ್ಸನ್ ಅದನ್ನು ಮೊದಲು ಕೇಳಿದಾಗ ಬೀಟಲ್ಸ್ ತಂಡದ ಹಾಡೆಂದು ಭಾವಿಸಿದ್ದನಂತೆ. ಅವನ ಕಂಠದಲ್ಲಿ ಅದು 1972ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳೆರಡರಲ್ಲೂ ಮೊದಲ ಸ್ಥಾನಕ್ಕೇರಿತು. ಇತ್ತ ಬರೆದವರು ಹಣಕಾಸಿನ ಸಂಕಟಗಳಲ್ಲಿ ನಲುಗಿಹೋದರು. 1975ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಹ್ಯಾಮ್, 1983ರಲ್ಲಿ ಎವನ್ಸ್ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಲೋಕವೆಲ್ಲ ಗುನುಗುವ ಹಾಡಿನ ಕರ್ತೃಗಳ ಹೆಸರನ್ನು ಅದನ್ನು ಗುನುಗುವವರಲ್ಲಿ ಎಷ್ಟು ಮಂದಿ ಬಲ್ಲರು?

ಗೆಳೆಯನಿಗೆ ಈ ತಿಳಿವಳಿಕೆ ಬಂದದ್ದು ಅಮೆರಿಕದಲ್ಲಿ ಓದುತ್ತಿದ್ದ ಅವನ ಅಣ್ಣನಿಂದ. ಅಣ್ಣನಿಗೆ ಅವನ ಜೊತೆಯಲ್ಲಿದ್ದ ಇನ್ನೊಬ್ಬ ಕೇಳುಗನಿಂದ. ಅಣ್ಣ ವರ್ಷಕ್ಕೆರಡು ಬಾರಿ ಕ್ಯಾಸೆಟ್‌ಗಳನ್ನು ಕಳುಹಿಸುತ್ತಿದ್ದ. ಪ್ರತಿಯೊಂದರ ಒಳಕಾಗದದ ಮೇಲೆ ಸಣ್ಣ ಅಕ್ಷರಗಳಲ್ಲಿ ಹಾಡಿನ ಹೆಸರು, ತಂಡದ ಹೆಸರು, ವರ್ಷ, ಮತ್ತು ಅದು ತನಗೆ ಯಾರಿಂದ ಬಂತು ಎಂಬ ವಿವರಗಳಿರುತ್ತಿದ್ದವು. ಕೊನೆಯಲ್ಲಿ ಒಂದು ಸಾಲು: ‘ಕೇಳಿ ಮುಂದಕ್ಕೆ ಕೊಡು.’ ಓಲೆಗರಿಯ ಕೊನೆಯಲ್ಲಿ ಪ್ರತಿಕಾರನು ತನ್ನ ಹೆಸರು, ಮಾಸ, ತಿಥಿಗಳನ್ನು ಬರೆದು, ತಪ್ಪಿದ್ದರೆ ತಿದ್ದಿ ಓದಿರೆಂದು ವಿನಂತಿಸುವ ಮಾತುಗಳನ್ನು ಹಗಲೆಲ್ಲ ಓದುತ್ತಿದ್ದ ನನಗೆ, ರಾತ್ರಿ ಆ ಕಾಗದಗಳು ಅಪರಿಚಿತವೆನಿಸಲಿಲ್ಲ.

ಆ ಕ್ಯಾಸೆಟ್‌ಗಳಲ್ಲಿದ್ದದ್ದು ಹೆಚ್ಚಾಗಿ ಪವರ್ ಪಾಪ್ ಎಂದು ಕರೆಯಲಾಗುವ ಬಗೆಯ ಸಂಗೀತ. ಗಿಟಾರಿನ ನಾದದಲ್ಲಿ ರಭಸವಿದ್ದರೂ ಹಾಡಿನ ಜೀವವಿರುವುದು ಮಟ್ಟಿನಲ್ಲಿ. ಎರಡು ಮೂರು ಕಂಠಗಳು ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡಿ ಒಂದೇ ನಾದವಾಗಿ ಕೂಡಿಕೊಳ್ಳುತ್ತವೆ. ಮೂರು ನಿಮಿಷಗಳ ಮಿತಿಯೊಳಗೆ ಚರಣ, ಪಲ್ಲವಿ, ಮತ್ತೆ ಇವೆರಡಕ್ಕೂ ಸೇರದ ಒಂದು ತಿರುವು. ಆ ತಿರುವಿನ ಬಳಿಕ ಪಲ್ಲವಿ ಮರಳಿದಾಗ ಅದರ ಅರ್ಥವೇ ಬದಲಾಗಿರುತ್ತದೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಕವಿ ಉಸಿರನ್ನು ಹಿಡಿದು ಬಿಡುವ ಕ್ರಮವನ್ನು ಬಲ್ಲವರಿಗೆ ಈ ಕುಶಲತೆಯನ್ನು ಗುರುತಿಸುವುದು ಕಷ್ಟವಲ್ಲ. ಭಾಷೆ ಪೂರ್ತಿಯಾಗಿ ಹಿಡಿಗೆ ಸಿಗದಿದ್ದಾಗಲೂ ಬಂಧ ನನ್ನ ಹಿಡಿಗೆ ಸಿಕ್ಕಿತು.

ಎರಡನೆಯ ಕ್ಯಾಸೆಟ್ ದ ಝಾಂಬೀಸ್ ಎಂಬ ಇಂಗ್ಲಿಷ್ ತಂಡದ್ದು. 1967ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಬಹುಪಾಲು ಮುದ್ರಣಗೊಂಡ ಅವರ ‘ಒಡೆಸಿ ಅಂಡ್ ಆರಕಲ್’ 1968ರಲ್ಲಿ ಹೊರಬರುವ ವೇಳೆಗೆ ತಂಡವೇ ಒಡೆದುಹೋಗಿತ್ತು. ಅಮೆರಿಕದ ಕೊಲಂಬಿಯಾ ಸಂಸ್ಥೆಯಲ್ಲಿ ನಿರ್ಮಾಪಕನಾಗಿದ್ದ ಅಲ್ ಕೂಪರ್ ಇಂಗ್ಲೆಂಡಿನಿಂದ ಆ ತಟ್ಟೆಯನ್ನು ತಂದು ಕೇಳಿ, ಇದನ್ನು ಇಲ್ಲಿಯೂ ಪ್ರಕಟಿಸಲೇಬೇಕೆಂದು ಹಟ ಹಿಡಿದ. ಅದರಿಂದಾಗಿ ‘ಟೈಮ್ ಆಫ್ ದ ಸೀಸನ್’ 1969ರಲ್ಲಿ ಅಮೆರಿಕದಲ್ಲಿ ಮೂರನೆಯ ಸ್ಥಾನವನ್ನು ತಲುಪಿತು. ಆಗ ಅದನ್ನು ವೇದಿಕೆಯ ಮೇಲೆ ಹಾಡಲು ತಂಡವೇ ಇರಲಿಲ್ಲ. ಒಬ್ಬ ಕೇಳುಗನ ಹಟದಿಂದ ಒಂದು ಕೃತಿ ಉಳಿದ ನಿದರ್ಶನವಿದು. ನನ್ನನ್ನು ನಗಿಸಿದ ಇನ್ನೊಂದು ಸಂಗತಿಯೂ ಇದೆ. ಶೀರ್ಷಿಕೆಯಲ್ಲಿ ‘ಒಡಿಸ್ಸಿ’ ಎಂಬ ಪದದ ಇಂಗ್ಲಿಷ್ ಕಾಗುಣಿತವೇ ತಪ್ಪು. ಮುಖಪುಟ ಬರೆದ ಕಲಾವಿದನ ಕೈತಪ್ಪು ಅದು. ಗಮನಕ್ಕೆ ಬರುವ ಹೊತ್ತಿಗೆ ತಡವಾಗಿತ್ತು. ಬಳಿಕ ಅದು ಬೇಕೆಂದೇ ಮಾಡಿದ ಶ್ಲೇಷೆ ಎಂಬ ಸಮರ್ಥನೆಯೂ ಹುಟ್ಟಿಕೊಂಡಿತು. ಲಿಪಿಕಾರನ ಸ್ಖಾಲಿತ್ಯಕ್ಕೆ ಗಂಭೀರವಾದ ಅರ್ಥಗಳನ್ನು ಕಲ್ಪಿಸುವ ಪರಿಪಾಠ ನಮ್ಮಲ್ಲಿ ಮಾತ್ರ ಇದೆಯೆಂದು ನಾನು ತಿಳಿದಿದ್ದೆ!

ಮೂರನೆಯದೇ ಮೆಂಫಿಸ್‌ನ ಕ್ಯಾಸೆಟ್. ತಂಡದ ಹೆಸರು ಬಿಗ್ ಸ್ಟಾರ್. ಸ್ಟುಡಿಯೋದ ಬಳಿಯಿದ್ದ ಒಂದು ದಿನಸಿ ಮಳಿಗೆಯ ಹೆಸರನ್ನೇ ಅವರು ಎರವಲು ಪಡೆದಿದ್ದರು. ಕ್ರಿಸ್ ಬೆಲ್, ಆ್ಯಲೆಕ್ಸ್ ಚಿಲ್ಟನ್, ಆ್ಯಂಡಿ ಹಮ್ಮೆಲ್, ಜೋಡಿ ಸ್ಟೀಫನ್ಸ್ ಎಂಬ ನಾಲ್ವರು 1972ರಲ್ಲಿ ಹೊರತಂದ ಮೊದಲ ಧ್ವನಿತಟ್ಟೆಗೆ ‘ನಂಬರ್ ಒನ್ ರೆಕಾರ್ಡ್’ ಎಂಬ ಮಹತ್ವಾಕಾಂಕ್ಷೆಯ ಹೆಸರನ್ನಿಟ್ಟರು. ಅದರಲ್ಲಿ ‘ಥರ್ಟೀನ್’ ಎಂಬ ಹಾಡಿದೆ. ಹದಿಮೂರರ ವಯಸ್ಸಿನ ಹುಡುಗನೊಬ್ಬನ ಸಂಕೋಚ, ಆಸೆ, ತುಸು ಮೊಂಡುತನ ಇವಿಷ್ಟೇ ಅದರ ವಸ್ತು. ಗಿಟಾರ್ ಮತ್ತು ಕಂಠ ಬಿಟ್ಟರೆ ಹೆಚ್ಚಿನ ಪರಿಕರಗಳಿಲ್ಲ. ದೀಪ ಆರಿಸಿದ ಕೋಣೆಯಲ್ಲಿ ಅದನ್ನು ಮೊದಲು ಕೇಳಿದಾಗ, ನನ್ನ ಊರಿನ ಪ್ರೌಢಶಾಲೆಯ ಜಗಲಿ ಏಕೆ ಕಣ್ಣೆದುರು ಬಂತೋ ನಾನರಿಯೆ.

ಆ ದಿನಗಳಲ್ಲಿ ನಾನು ಪ್ರಬಂಧದ ಮೂರನೆಯ ಅಧ್ಯಾಯವನ್ನು ಬರೆಯುತ್ತಿದ್ದೆ. ಒಂದೇ ಒಂದು ಪ್ರತಿಯಲ್ಲಿ, ಅದೂ ಅಸಮಗ್ರವಾಗಿ ಉಳಿದಿದ್ದ ಒಬ್ಬ ಕವಿಯ ಕುರಿತು, ‘ಸಮಕಾಲೀನರೂ ಅನಂತರದವರೂ ಈತನನ್ನು ಮನ್ನಿಸಲಿಲ್ಲವೆಂಬುದಕ್ಕೆ ಪ್ರತಿಗಳ ವಿರಳತೆಯೇ ಸಾಕ್ಷಿ’ ಎಂದು ಬರೆದು, ಆ ಕವಿಯನ್ನು ಎರಡು ಪುಟಗಳಲ್ಲಿ ಮುಗಿಸಿದ್ದೆ. ಗೆಳೆಯನಿಗೆ ಅದೇ ಧಾಟಿಯಲ್ಲಿ, “ನಿನ್ನ ಬಿಗ್ ಸ್ಟಾರ್ ನಿಜವಾಗಿ ಅಷ್ಟು ಚೆನ್ನಾಗಿದ್ದರೆ ಜನ ಕೊಳ್ಳುತ್ತಿರಲಿಲ್ಲವೇ?” ಎಂದೆ. ಅವನ ಉತ್ತರ ಇಂದಿಗೂ ಕಿವಿಯಲ್ಲಿದೆ.

“ಅಲ್ಲ ಮಾರಾಯ, ಅದು ಅಂಗಡಿಗೇ ಹೋಗ್ಲಿಲ್ಲವಲ್ಲ! ಅಂಗಡಿಯಲ್ಲಿ ಇಲ್ಲದ್ದನ್ನು ಜನ ಬೇಡ ಅಂದರು ಅಂತ ಹೇಳುವುದು ಹೇಗೆ?”

ಸಂಗತಿ ಹಾಗೆಯೇ ಇತ್ತು. ತಟ್ಟೆಯ ವಿತರಣೆಯ ಹೊಣೆ ಸ್ಟ್ಯಾಕ್ಸ್ ಎಂಬ ಸಂಸ್ಥೆಯದಾಗಿತ್ತು. ಸ್ಟ್ಯಾಕ್ಸ್ ಪ್ರಸಿದ್ಧವಾದದ್ದು ಕರಿಯ ಜನಾಂಗದ ಸೋಲ್ ಸಂಗೀತಕ್ಕೆ. ಈ ಬಗೆಯ ಹಾಡುಗಳನ್ನು ಮಾರುವ ದಾರಿ ಅದಕ್ಕೆ ಹೊಸದು. ಆಮೇಲೆ ಅದು ಕೊಲಂಬಿಯಾದೊಂದಿಗೆ ಮಾಡಿಕೊಂಡ ವಿತರಣಾ ಒಪ್ಪಂದವೂ ಕೆಟ್ಟಿತು. ಪತ್ರಿಕೆಗಳಲ್ಲಿ ಪ್ರಶಂಸೆ ಬಂದರೂ ಓದಿದವರು ಅಂಗಡಿಗೆ ಹೋದರೆ ತಟ್ಟೆ ಇರುತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ ಮಾರಾಟವಾದದ್ದು ಹತ್ತು ಸಾವಿರಕ್ಕಿಂತ ಕಡಿಮೆ. ನಿರಾಶನಾದ ಬೆಲ್ ಆ ವರ್ಷವೇ ತಂಡವನ್ನು ಬಿಟ್ಟ. 1973ರ ಮೇ ತಿಂಗಳಲ್ಲಿ ಮೆಂಫಿಸ್‌ನಲ್ಲಿ ರಾಕ್ ಸಂಗೀತದ ಲೇಖಕರ ಸಮಾವೇಶ ನಡೆದಾಗ ಉಳಿದ ಮೂವರು ಅಲ್ಲಿ ಹಾಡಿದರು, ಲೇಖಕರು ಮೆಚ್ಚಿದರು. ಆ ಮೆಚ್ಚುಗೆಯ ಬಲದಿಂದ 1974ರಲ್ಲಿ ‘ರೇಡಿಯೋ ಸಿಟಿ’ ಬಂತು. ಅದೂ ಅಂಗಡಿಗಳನ್ನು ಸರಿಯಾಗಿ ತಲುಪಲಿಲ್ಲ. ಮೂರನೆಯದು ಸಿದ್ಧವಾಗಿಯೂ 1978ರವರೆಗೆ ಬಿಡುಗಡೆಯಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಸ್ ಬೆಲ್ ಕಾರು ಅಪಘಾತದಲ್ಲಿ ತೀರಿಕೊಂಡ. ಅವನಿಗೂ ಇಪ್ಪತ್ತೇಳು ವರ್ಷ. ಅವನೊಬ್ಬನೇ ಹಾಡಿದ ‘ಐ ಆ್ಯಮ್ ದ ಕಾಸ್ಮಾಸ್’ ಸಂಕಲನ ಪ್ರಕಟವಾದದ್ದು 1992ರಲ್ಲಿ.

ಹಾಗಿದ್ದರೂ ಹಾಡುಗಳು ಸಾಯಲಿಲ್ಲ. ಅವನ್ನು ಕೇಳಿದ ಅಲ್ಪಸಂಖ್ಯಾತರು ತಮ್ಮ ಪ್ರತಿಗಳನ್ನು ಇತರರಿಗೆ ಕೇಳಿಸಿದರು. ಆರ್.ಇ.ಎಂ. ತಂಡದವರು ಸಂದರ್ಶನಗಳಲ್ಲಿ ಹೇಳಿದರು; ದ ಬ್ಯಾಂಗಲ್ಸ್ ತಂಡದ ಹೆಣ್ಣುಮಕ್ಕಳು 1986ರಲ್ಲಿ ‘ಸೆಪ್ಟೆಂಬರ್ ಗರ್ಲ್ಸ್’ ಹಾಡಿದರು; ದ ರಿಪ್ಲೇಸ್‌ಮೆಂಟ್ಸ್ ತಂಡ 1987ರಲ್ಲಿ ಚಿಲ್ಟನ್‌ನ ಹೆಸರಿನಲ್ಲೇ ಒಂದು ಹಾಡನ್ನು ಕಟ್ಟಿತು. ಹಾಗೆ ಕೈಯಿಂದ ಕೈಗೆ ದಾಟಿ, ಹುಟ್ಟಿದ ಇಪ್ಪತ್ತೆರಡು ವರ್ಷಗಳ ಮೇಲೆ ಮೈಸೂರಿನ ಹಾಸ್ಟೆಲ್ ಕೋಣೆಗೂ ಬಂತು. ಜನರು ತಿರಸ್ಕರಿಸುವುದು ಬೇರೆ, ಜನರನ್ನು ತಲುಪದಿರುವುದು ಬೇರೆ. ಎಷ್ಟೋ ಸಲ ನಾವು ಎರಡನೆಯದನ್ನು ಮೊದಲನೆಯದೆಂದು ತಪ್ಪಾಗಿ ಓದಿ ಅದಕ್ಕೆ ಕಾಲದ ತೀರ್ಪು ಎಂದು ಹೆಸರಿಡುತ್ತೇವೆ. ಆ ವಾರವೇ ಪ್ರಬಂಧದ ವಾಕ್ಯವನ್ನು ಹೊಡೆದುಹಾಕಿ, ‘ಈ ಕೃತಿಯ ಒಂದು ಪ್ರತಿ ಮಾತ್ರ ದೊರೆತಿದೆ’ ಎಂದಷ್ಟೇ ಬರೆದೆ. ಕವಿಗೆ ಹನ್ನೆರಡು ಪುಟಗಳನ್ನು ಕೊಟ್ಟೆ. ಮೌಖಿಕ ಪರೀಕ್ಷೆಯಲ್ಲಿ, ಅಪ್ರಸಿದ್ಧನಾದವನಿಗೆ ಇಷ್ಟು ಪುಟಗಳೇಕೆ ಎಂದು ಪರೀಕ್ಷಕರು ಕೇಳಿದರು. ಪದ್ಯಗಳನ್ನೇ ಓದಿ ತೋರಿಸಿದೆ; ಮೆಂಫಿಸ್‌ನ ಪ್ರಸ್ತಾಪ ಮಾಡುವ ಧೈರ್ಯ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಅಪ್ರಸಿದ್ಧವಾದುದೆಲ್ಲ ಶ್ರೇಷ್ಠವಲ್ಲ. ಗೆಳೆಯನ ಕ್ಯಾಸೆಟ್‌ಗಳಲ್ಲಿ ನಾಲ್ಕರಲ್ಲಿ ಮೂರು ಹಾಡುಗಳು ಸಾಧಾರಣವಾದವು. ಅವನೂ ಅದನ್ನು ಒಪ್ಪುತ್ತಿದ್ದ. ಬಲ್ಲವರು ಕೆಲವರೇ ಎಂಬ ಕಾರಣಕ್ಕೆ ಮೆಚ್ಚುವ ಅಹಂಕಾರ ಸಂಗೀತಪ್ರಿಯರಲ್ಲೂ ಇದೆ, ಸಂಶೋಧಕರಲ್ಲೂ ಇದೆ. ಹಸ್ತಪ್ರತಿಯೊಂದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟು, ತಾನೊಬ್ಬನೇ ಅದನ್ನು ಕಂಡವನೆಂದು ಬೀಗಿದ ವಿದ್ವಾಂಸರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ನಿಜವಾದ ಸಹೃದಯನು ತನಗೆ ಇಷ್ಟವಾದದ್ದು ಏಕೆ ಇಷ್ಟವಾಯಿತೆಂದು ಹೇಳುತ್ತಾನೆ, ಕೈಗೆ ಕೊಡುತ್ತಾನೆ, ತೀರ್ಮಾನವನ್ನು ನಮಗೆ ಬಿಡುತ್ತಾನೆ.

ಇಷ್ಟನ್ನು ಬರೆಯುವ ನಾನೇ ಪೆಟ್ಟಿಗೆಯಲ್ಲಿಟ್ಟವರ ಗುಂಪಿಗೆ ಸೇರಿದವನು. ಹಾಸ್ಟೆಲ್ ಬಿಡುವ ದಿನ ಗೆಳೆಯ ಮೆಂಫಿಸ್‌ನ ಕ್ಯಾಸೆಟ್ಟನ್ನು ನನ್ನ ಕೈಗಿತ್ತ. ‘ಕೇಳಿ ಮುಂದಕ್ಕೆ ಕೊಡು’ ಎಂಬ ಸಾಲು ಅದರ ಮೇಲೂ ಇತ್ತು. ನಾನು ಕೊಡಲಿಲ್ಲ. ಕನ್ನಡದ ಮೇಷ್ಟ್ರು ಇಂಗ್ಲಿಷ್ ಹಾಡುಗಳನ್ನು ಹಂಚುವುದೆಂದರೆ ನಕ್ಕಾರು ಎಂಬ ಅಳುಕು ಒಂದು ಕಡೆ. ನನ್ನದೇ ಆದ ಗುಟ್ಟೊಂದು ನನ್ನಲ್ಲೇ ಇರಲಿ ಎಂಬ ಸಣ್ಣತನ ಇನ್ನೊಂದು ಕಡೆ. ಮೂರು ವರ್ಷಗಳ ಹಿಂದೆ ಗೆಳೆಯ ತೀರಿಕೊಂಡ ಸುದ್ದಿ ಬಂದಾಗ ಕ್ಯಾಸೆಟ್ಟನ್ನು ಹುಡುಕಿ ತೆಗೆದೆ. ಸುರುಳಿಗೆ ಬೂಷ್ಟು ಹಿಡಿದಿತ್ತು. ಕಾಗದದ ಮೇಲಿನ ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು.

ಮರುವಾರ ‘ಕವಿರಾಜಮಾರ್ಗ’ದ ತರಗತಿಯಲ್ಲಿ ಅದೇ ಹಳೆಯ ಪ್ರಶ್ನೆ ಬಂತು. ಈ ಬಾರಿ ಜರಡಿಯ ಮಾತನ್ನಾಡಲಿಲ್ಲ. ಬಿಗ್ ಸ್ಟಾರ್ ತಂಡದ ಕಥೆ ಹೇಳಿ, ಕಾಗದದಲ್ಲಿದ್ದ ಹೆಸರುಗಳನ್ನು ಹಲಗೆಯ ಮೇಲೆ ಬರೆದೆ. ಕೆಲವರು ನಕ್ಕರು. ನಾಲ್ಕು ದಿನಗಳ ಮೇಲೆ ವಿದ್ಯಾರ್ಥಿನಿಯೊಬ್ಬಳು ವಿಭಾಗಕ್ಕೆ ಬಂದು, “ಸರ್, ನೀವು ಬರೆದದ್ದರಲ್ಲಿ ಮೂರು ಹಾಡು ತುಂಬಾ ಚೆನ್ನಾಗಿವೆ, ಉಳಿದವು ಸುಮಾರು” ಎಂದಳು. ನಾಲ್ಕರಲ್ಲಿ ಮೂರು ಸಾಧಾರಣವೆಂದು ಒಪ್ಪುತ್ತಿದ್ದ ಗೆಳೆಯ ನೆನಪಾದ. ಬಳಿಕ ಅವಳು ಒಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಟೀನೇಜ್ ಫ್ಯಾನ್‌ಕ್ಲಬ್, ‘ಬ್ಯಾಂಡ್‌ವಾಗನೆಸ್ಕ್’, 1991. “ಇವರು ಸ್ಕಾಟ್ಲೆಂಡಿನವರು ಸರ್. ನಿಮ್ಮವರನ್ನು ಚೆನ್ನಾಗಿ ಕೇಳಿಕೊಂಡವರು ಅನ್ನಿಸುತ್ತೆ. ನಮ್ಮ ಅಕ್ಕ ಹೇಳಿದ್ದು.”

ಅವಳ ಊಹೆ ಸರಿಯಾಗಿತ್ತು. ಬಿಗ್ ಸ್ಟಾರ್ ತಂಡದ ಋಣ ಆ ಹಾಡುಗಳ ಗಿಟಾರಿನಲ್ಲೂ ಕೂಡುಕಂಠಗಳಲ್ಲೂ ಢಾಳಾಗಿ ಕೇಳಿಸುತ್ತದೆ. ಗ್ಲಾಸ್ಗೋ ಸಮೀಪದ ಹುಡುಗರು ಕೇಳಿಸಿಕೊಂಡದ್ದು, ಅವಳ ಅಕ್ಕನಿಗೆ ಬಂದು, ಅವಳಿಂದ ನನಗೆ ಬಂತು. ಚೀಟಿಯಲ್ಲಿ ಹೆಸರು, ವರ್ಷಗಳ ಜೊತೆಗೆ ‘ಅಕ್ಕನಿಂದ’ ಎಂದೂ ಅವಳು ಬರೆದಿದ್ದಳು. ಅದನ್ನು ಹಳೆಯ ಕ್ಯಾಸೆಟ್ಟಿನ ಪೆಟ್ಟಿಗೆಯಲ್ಲಿ ಇಡಹೋದವನು ಕೈ ಹಿಂದಕ್ಕೆ ತೆಗೆದೆ. ಅದೀಗ ವಿಭಾಗದ ಸೂಚನಾಫಲಕದಲ್ಲಿದೆ.