ತಪ್ಪಿದ ದಿನಗಳ ಲೆಕ್ಕ

ನವೆಂಬರ್ 11, 2024. ಬೆಂಗಳೂರು

ಪ್ರಯೋಗಾಲಯದಲ್ಲಿ ಬಣ್ಣ ಹಾಕಿದ ತಟ್ಟೆಗಳನ್ನು ಎಣಿಸಿ ಮುಗಿಸಿದೆ. ತಲೆ-ಕುತ್ತಿಗೆಯ ಕ್ಯಾನ್ಸರ್ ಕೋಶಗಳಿಗೆ ಕೊಟ್ಟ ವಿಕಿರಣದ ಮೊತ್ತ ಒಂದೇ. ಕೆಲವಕ್ಕೆ ದಿನ ತಪ್ಪದೆ ಕೊಟ್ಟಿದ್ದೆ, ಕೆಲವಕ್ಕೆ ನಡುವೆ ಬಿಡುವು ಬಿಟ್ಟಿದ್ದೆ. ಐವತ್ತಕ್ಕಿಂತ ಹೆಚ್ಚು ಕೋಶಗಳ ಗುಂಪು ಬೆಳೆದಿದ್ದರೆ ಮಾತ್ರ ಮೂಲ ಕೋಶ ಬದುಕಿತ್ತು ಎಂದು ಲೆಕ್ಕ. ಬಿಡುವು ಸಿಕ್ಕ ತಟ್ಟೆಗಳಲ್ಲಿ ನೇರಳೆ ಚುಕ್ಕೆಗಳು ಕಣ್ಣಿಗೆ ರಾಚುವಷ್ಟಿವೆ.

ವಿದರ್ಸ್ ಎಂಬ ಸಂಶೋಧಕರು ಮತ್ತು ಸಂಗಡಿಗರು 1988ರಲ್ಲಿ ರೋಗಿಗಳ ದಾಖಲೆಗಳಿಂದಲೇ ಇದನ್ನು ತೋರಿಸಿದ್ದರು. ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರ ಕಳೆದ ಮೇಲೆ, ಗಡ್ಡೆಯಲ್ಲಿ ಉಳಿದ ಕೋಶಗಳು ಚುರುಕಾಗಿ ಹೆಚ್ಚತೊಡಗುತ್ತವೆ. ಅಲ್ಲಿಂದಾಚೆ ಚಿಕಿತ್ಸೆ ಒಂದು ದಿನ ಲಂಬಿಸಿದರೆ ಸುಮಾರು 0.6 ಗ್ರೇಯಷ್ಟು ವಿಕಿರಣ ವ್ಯರ್ಥ. ದಿನಕ್ಕೆ ಕೊಡುವುದೇ 2 ಗ್ರೇ.

ನವೆಂಬರ್ 16. ರಾಯದುರ್ಗ

ಚಿಕಿತ್ಸೆಯ ದಿನ ತಪ್ಪಿಸಿಕೊಂಡವರ ಮನೆಗಳಿಗೇ ಹೋಗಿ ಕಾರಣ ಕೇಳಬೇಕೆಂದು ಬಂದೆ. ಇಂದು ಕಂಡವರು ನಾಲಿಗೆಯ ಬುಡದ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆಯ 35 ಸಿಟ್ಟಿಂಗ್ ಮುಗಿಸಿ ಬಂದ ಯಜಮಾನರು. ಒಳಗೆ ಹೊಲಿಗೆ ಯಂತ್ರದ ಸದ್ದು. ಮಗ ಜೀನ್ಸ್ ಹೊಲಿಯುತ್ತಾನೆ, ಪೀಸಿನ ಲೆಕ್ಕದಲ್ಲಿ ಕೂಲಿ.

"ಕರೆಂಟು ಇಟ್ಟಾಗ ಏನೂ ಗೊತ್ತಾಗಲ್ಲಮ್ಮ. ಮೂರು ವಾರ ಆದ್ಮೇಲೆ ನೀರು ನುಂಗಿದ್ರೂ ಕೆಂಡ ನುಂಗ್ದಂಗೆ," ಎಂದರು. ದನಿ ಇನ್ನೂ ಒಡೆದಿದೆ. ಗಂಜಿಯೂ ಇಳಿಯದೆ ಹೋದಾಗ ದಸರಾಕ್ಕೆಂದು ಊರಿಗೆ ಬಂದರಂತೆ. ಹೆಂಡತಿ ನಡುವೆ ಬಾಯಿ ಹಾಕಿದರು: "ಹಬ್ಬ ನೆಪ ಕಣಮ್ಮ. ಹುಡುಗ ಅಲ್ಲಿ ಕೂತ್ರೆ ಇಲ್ಲಿ ಕೂಲಿ ಇಲ್ಲ. ರೂಮಿನ ಬಾಡಿಗೆ ಯಾರು ಕೊಡ್ತಾರೆ?"

ಒಂಬತ್ತು ದಿನದ ಬಿಡುವು, ಅದೂ ನಾಲ್ಕು ವಾರ ದಾಟಿದ ಮೇಲೆ. 5.4 ಗ್ರೇ, ಹೆಚ್ಚುಕಡಿಮೆ ಮೂರು ಸಿಟ್ಟಿಂಗ್. ಕಾಗದದಲ್ಲಿ ಮಾತ್ರ ಇವರಿಗೆ ಪೂರ್ತಿ 70 ಗ್ರೇ ಸಿಕ್ಕಿದೆ. ಇಂಥವರನ್ನು ಪ್ರಬಂಧಗಳಲ್ಲಿ 'ಸಹಕರಿಸದ ರೋಗಿ' ಎಂಬ ಅಂಕಣಕ್ಕೆ ಸೇರಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್‌ನೊಳಗೆ ದಿನವೂ ಅಲುಗಾಡದೆ ಮಲಗಿದ್ದ ಮನುಷ್ಯ ಇವರು. ಇನ್ನೇನು ಸಹಕಾರ ಬೇಕು?

ನವೆಂಬರ್ 17. ಮಡಕಶಿರಾ

ಅಮ್ಮನ ಮನೆ. ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ಅಮ್ಮನ ಬಾಯಲ್ಲಿ ಇನ್ನೂ ಅನಂತಪುರವೇ. ಪಕ್ಕದ ಮನೆ ದೊಡ್ಡಮ್ಮನಿಗೆ ಹೊಗೆಸೊಪ್ಪು ಬಿಡಿ ಎಂದೆ. "ಬರೀ ಅಡಿಕೆ ಹಾಕ್ಕೊಂತೀನಿ ಬಿಡೇ," ಎಂದರು. ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ತೋಟಗಳ ಸೀಮೆಯಲ್ಲಿ ಅದನ್ನು ಹೇಳುವುದು ಸುಲಭವಲ್ಲ. ಆದರೂ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದೆ. ಬಿಳಿ ಮಚ್ಚೆ ಕಾಣಲಿಲ್ಲ.

ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಮಾರ್ಗವಾಗಿ ತುಮಕೂರಿಗೆ ಹೋಗಬೇಕಾದ ರೈಲುದಾರಿ ಇನ್ನೂ ಪೂರ್ತಿಯಾಗಿಲ್ಲ. ಅದು ಮುಗಿದು ರೋಗಿಗಳ ಓಡಾಟ ಸುಲಭವಾದರೆ ನನ್ನ ತಟ್ಟೆಗಳ ಫಲಿತಾಂಶಕ್ಕಿಂತ ಹೆಚ್ಚು ಗ್ರೇ ಉಳಿಸೀತೆಂದು ರಾತ್ರಿ ಬಹಳ ಹೊತ್ತು ಅನ್ನಿಸುತ್ತಿತ್ತು.

ನವೆಂಬರ್ 20. ಬೆಂಗಳೂರು

ಸಂಶೋಧನಾ ಯೋಜನೆಯ ಕರಡನ್ನು ತಿದ್ದುತ್ತಿದ್ದೇನೆ. ಸ್ತನ ಕ್ಯಾನ್ಸರ್‌ನಲ್ಲಿ ಸಿಟ್ಟಿಂಗ್ ಕಡಿಮೆ ಮಾಡುವ ದಾರಿ ತೆರೆದಾಗಿದೆ: ಶಸ್ತ್ರಚಿಕಿತ್ಸೆಯ ನಂತರ ಮೂರು ವಾರದ 15 ಸಿಟ್ಟಿಂಗ್‌ಗಳಷ್ಟೇ ಒಂದು ವಾರದ 5 ಸಿಟ್ಟಿಂಗ್‌ಗಳೂ ಕೆಲಸ ಮಾಡುತ್ತವೆಂದು ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 2020ರಲ್ಲಿ ತೋರಿಸಿತು. ತಲೆ-ಕುತ್ತಿಗೆಗೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಹಿಪ್ನೋ ಅಧ್ಯಯನವು 33 ಸಿಟ್ಟಿಂಗ್‌ಗಳ 66 ಗ್ರೇಯನ್ನು 20 ಸಿಟ್ಟಿಂಗ್‌ಗಳ 55 ಗ್ರೇಯೊಂದಿಗೆ ಹೋಲಿಸಿದೆ. ಇಪ್ಪತ್ತು ಎಂದರೆ ನಾಲ್ಕು ವಾರ. ಕೋಶಗಳು ಚುರುಕಾಗುವ ಹೊತ್ತಿಗೆ ಚಿಕಿತ್ಸೆಯೇ ಮುಗಿದಿರುತ್ತದೆ, ಬಾಡಿಗೆ ಕೋಣೆಯೂ ಖಾಲಿಯಾಗಿರುತ್ತದೆ. ಆದರೆ ದಿನದ ಪ್ರಮಾಣ ಹೆಚ್ಚಿದಂತೆ ದವಡೆ ಮೂಳೆಗೆ, ನುಂಗುವ ಸ್ನಾಯುಗಳಿಗೆ ವರ್ಷಗಳ ನಂತರ ಆಗುವ ಹಾನಿಯ ಭಯವೂ ಹೆಚ್ಚು. ಜೊತೆಗೆ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಕೊಡುವುದಾದರೆ ಇನ್ನಷ್ಟು ಎಚ್ಚರ ಬೇಕು. ನನ್ನ ಮುಂದಿನ ಪ್ರಯೋಗಗಳು ಆ ಕುರಿತೇ.

ನವೆಂಬರ್ 25. ಬೆಂಗಳೂರು

ಮಾರ್ಗದರ್ಶಕಿ ಮೇಡಂ ಜೊತೆ ಚರ್ಚೆ. ಸಿಟ್ಟಿಂಗ್‌ಗಳನ್ನು ಕಡಿಮೆ ಮಾಡುವ ಸಂಶೋಧನೆ ಮುಗಿಯುವವರೆಗೆ ರಾಯದುರ್ಗದವರು ಕಾಯಬೇಕೇ ಎಂದು ಕೇಳಿದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಮಾರ್ಗಸೂಚಿಯ ಪ್ರಕಾರ ಇಂಥ ಗಡ್ಡೆಗಳಲ್ಲಿ ಚಿಕಿತ್ಸೆ ಎರಡು ದಿನಕ್ಕಿಂತ ಹೆಚ್ಚು ಲಂಬಿಸಬಾರದು. ತಪ್ಪಿದ್ದನ್ನು ಶನಿವಾರ ಕೊಡಬಹುದು, ಇಲ್ಲವೇ ಕನಿಷ್ಠ ಆರು ಗಂಟೆ ಅಂತರದಲ್ಲಿ ಒಂದೇ ದಿನ ಎರಡು ಬಾರಿ ಕೊಡಬಹುದು. ಇದಕ್ಕೆ ಹೊಸ ಯಂತ್ರ ಬೇಡ. "ಶನಿವಾರ ಯಾರು ಬರ್ತಾರೆ, ಪಟ್ಟಿ ತನ್ನಿ," ಎಂದರು ಮೇಡಂ. ನಾಳೆ ತಂತ್ರಜ್ಞರನ್ನು ಕೇಳಬೇಕು. ಅಧ್ಯಯನದ ನಮೂನೆಯಲ್ಲಿ 'ಸಹಕರಿಸಲಿಲ್ಲ' ಎಂಬ ಅಂಕಣ ತೆಗೆದು ಕೂಲಿ, ಬಾಡಿಗೆ, ಬಾಯಿಹುಣ್ಣು, ಬಸ್ಸು ಎಂದು ಬೇರೆ ಬೇರೆ ಬರೆದೆ. ರಾಯದುರ್ಗದ ಯಜಮಾನರಿಗೆ ಜನವರಿ ಕೊನೆಗೆ ಸ್ಕ್ಯಾನ್. ಮಗನಿಗೆ ಫೋನ್ ಮಾಡಿ, ಅವತ್ತೇ ಹೋಗಿ ಅವತ್ತೇ ಬರುವಂತೆ ಬೆಳಗಿನ ಸಮಯ ಹಾಕಿಸಿದ್ದೇನೆಂದು ಹೇಳಿದೆ.