ಗ್ರಿಪ್ ಇದೆ, ರಬ್ಬರ್ ಸತ್ತಿದೆ

ನನ್ನ ಹತ್ರ ಒಂದು ಸ್ಪೋರ್ಟ್ಸ್ ಕಾರ್ ಇದೆ ಅಂದ ತಕ್ಷಣ ಊರಿನ ಗೆಳೆಯರೆಲ್ಲ ಫೆರಾರಿನೋ ಪೋರ್ಷೆನೋ ಕಲ್ಪಿಸಿಕೊಂಡು ಬಿಡ್ತಾರೆ. ಹಾಗೇನಿಲ್ಲ ಮಾರಾಯ್ರೇ. ಅದೊಂದು 2008ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಎರಡು ಲೀಟರ್ ಎಂಜಿನ್ನು, ಆರು ಗೇರು. ಡಿಕ್ಕಿಯಲ್ಲಿ ಎರಡು ಚೀಲ ದಿನಸಿ ಇಟ್ಟರೆ ಮೂರನೆಯದನ್ನ ಪಕ್ಕದಲ್ಲಿ ಕೂತವರು ತೊಡೆ ಮೇಲೆ ಇಟ್ಕೋಬೇಕು. 1989ರ ಫೆಬ್ರವರಿಯಲ್ಲಿ ಈ ಕಾರನ್ನ ಜಗತ್ತಿಗೆ ಮೊದಲು ತೋರಿಸಿದ್ದು ಶಿಕಾಗೋ ಆಟೋ ಶೋನಲ್ಲಿ. ನಾನಿರೋದು ಅದೇ ಶಿಕಾಗೋ ಪಕ್ಕದ ಒಂದು ಊರಲ್ಲಿ. ಹೀಗಾಗಿ 2022ರಲ್ಲಿ ಸೆಕೆಂಡ್ ಹ್ಯಾಂಡ್ ಮಿಯಾಟಾ ಕೊಂಡಾಗ, ತವರಿನ ಕಾರನ್ನೇ ತಂದೆ ಅಂತ ಹೆಂಡತಿಗೆ ಒಂದು ನೆಪ ಹೇಳೋಕಾಯ್ತು.

ಮಾರಿದ ಅಜ್ಜ ಕಾರನ್ನ ಗ್ಯಾರೇಜಿನಲ್ಲಿ ಮಗುವಿನ ಹಾಗೆ ಇಟ್ಟಿದ್ದರು. 41,000 ಮೈಲಿ ಅಷ್ಟೇ ಓಡಿತ್ತು. ಟೈರುಗಳು ಫಳಫಳ ಅಂತಿದ್ದವು. ಇಲ್ಲಿ ಟೈರ್ ಸವೆದಿದೆಯಾ ಅಂತ ನೋಡೋಕೆ ಒಂದು ಸುಲಭದ ಉಪಾಯ ಇದೆ. ಒಂದು ಸೆಂಟಿನ ನಾಣ್ಯವನ್ನ, ಲಿಂಕನ್ ತಲೆ ಕೆಳಗಾಗುವ ಹಾಗೆ, ಟೈರಿನ ಗೀರಿಗೆ ತೂರಿಸಬೇಕು. ಲಿಂಕನ್ ನೆತ್ತಿ ಪೂರ್ತಿ ಕಂಡರೆ ಟ್ರೆಡ್ ಒಂದೂವರೆ ಮಿಲಿಮೀಟರಿನ ಆಸುಪಾಸಿಗೆ ಬಂದಿದೆ, ಟೈರಿನ ಕತೆ ಮುಗೀತು ಅಂತ ಅರ್ಥ. ನಮ್ಮ ರಾಜ್ಯದ ನಂಬರ್ ಪ್ಲೇಟ್ ಮೇಲೇ 'ಲ್ಯಾಂಡ್ ಆಫ್ ಲಿಂಕನ್' ಅಂತ ಬರೆದಿರುತ್ತೆ, ಹಾಗಾಗಿ ಈ ಪರೀಕ್ಷೆ ಮೇಲೆ ನನಗೆ ವಿಶೇಷ ಭಕ್ತಿ. ತೂರಿಸಿ ನೋಡಿದೆ. ಲಿಂಕನ್ ಹಣೆಯವರೆಗೂ ಮುಳುಗಿ ಹೋದ. ಖುಷಿಯಾಗಿ ಚೆಕ್ ಬರೆದುಕೊಟ್ಟೆ.

ಮರುವರ್ಷ ಅಪ್ಪ ಬಂದರು. ಹಾಸನದಿಂದ, ಮೊದಲ ಸಲ, ಮೂರು ತಿಂಗಳಿಗೆ. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಹೆಚ್ಚಾಗಿ ಹಾಸನದಿಂದ ಮಂಗಳೂರಿಗೆ, ಶಿರಾಡಿ ಘಾಟಿ ಇಳಿದು ಹತ್ತಿ. ಲಾರಿ ಸೀಟಿನ ಎತ್ತರದಿಂದ ಪ್ರಪಂಚ ನೋಡಿದ ಮನುಷ್ಯ ಮಿಯಾಟಾ ಒಳಗೆ ಕೂರೋಕೆ ಎರಡು ನಿಮಿಷ ತಗೊಂಡರು. "ಇದೇನೋ ಇದು, ರಸ್ತೆ ಮೇಲೆ ಚಾಪೆ ಹಾಕ್ಕೊಂಡು ಕೂತಂಗಿದೆ" ಅಂದರು. ಆದರೂ ಎಲ್ಲಿಗೆ ಹೊರಟರೂ "ಆ ಪುಟ್ಟ ಗಾಡೀಲೇ ಹೋಗೋಣ" ಅನ್ನೋರು.

ಅಕ್ಟೋಬರಿನ ಒಂದು ಬೆಳಗ್ಗೆ, ಲೆಮಾಂಟ್‌ನ ದೇವಸ್ಥಾನಕ್ಕೆ ಅಂತ ಹೊರಟಿದ್ವಿ. ಸಣ್ಣಗೆ ಮಳೆ, ಚಳಿ. ಹೈವೇಯಿಂದ ಹೊರಗೆ ಬರೋ ರ್‍ಯಾಂಪು ಗುಂಡಗೆ ತಿರುಗುತ್ತೆ. 30 ಮೈಲಿ ಅಂತ ಹಳದಿ ಬೋರ್ಡ್ ಇತ್ತು. ನಾನು 40ರಲ್ಲಿದ್ದೆ. ಸುಳ್ಳು ಯಾಕೆ ಹೇಳಲಿ, ಅಪ್ಪನಿಗೆ ಕಾರು ಹೇಗೆ ತಿರುಗುತ್ತೆ ಅಂತ ತೋರಿಸೋ ಆಸೆ ಇತ್ತು. ಅರ್ಧ ತಿರುವಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಜಾರಿತು. ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಅದೇ ತಪ್ಪು. ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಯ್ತು, ಕಾರಿನ ಹಿಂದಿನ ಅರ್ಧ ಮುಂದಿನ ಅರ್ಧವನ್ನ ಓವರ್‌ಟೇಕ್ ಮಾಡೋಕೆ ಹೊರಟಿತು. ನನ್ನ ಮಾಡೆಲ್ಲಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಅರ್ಧ ಸುತ್ತು ತಿರುಗಿ, ಪಕ್ಕದ ಹುಲ್ಲಿನ ಮೇಲೆ, ಬಂದ ದಾರಿಗೆ ಮುಖ ಮಾಡಿ ನಿಂತಿತು. ಹಿಂದೆ ಯಾರೂ ಬರ್ತಿರಲಿಲ್ಲ. ಬಂದಿದ್ದರೆ ಅನ್ನೋದನ್ನ ನಾನು ಈಗಲೂ ಪೂರ್ತಿ ಯೋಚಿಸಲ್ಲ.

ಅಪ್ಪ ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ನಿಧಾನಕ್ಕೆ ಇಳಿದರು, ಮಳೆಯಲ್ಲೇ ಹಿಂದಿನ ಚಕ್ರದ ಹತ್ರ ಕುಕ್ಕರಗಾಲಲ್ಲಿ ಕೂತರು, ಹೆಬ್ಬೆರಳ ಉಗುರಿನಿಂದ ರಬ್ಬರನ್ನ ಒತ್ತಿ ನೋಡಿದರು. ಟೈರಿನ ಪಕ್ಕದ ಗೋಡೆಯ ಮೇಲೆ ಬೆರಳು ಆಡಿಸಿದರು. ಅಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಒಂದು ವರ್ಷದಿಂದ ಆ ಕಾರನ್ನ ತೊಳೆದು ಒರೆಸಿದ ನನ್ನ ಕಣ್ಣಿಗೆ ಅವು ಬಿದ್ದೇ ಇರಲಿಲ್ಲ.

"ಗ್ರಿಪ್ ಇದೆ. ರಬ್ಬರ್ ಸತ್ತಿದೆ" ಅಂದರು. ಅಷ್ಟೇ.

ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. ಪ್ರತಿ ಟೈರಿನ ಮೇಲೆ 'ಡಾಟ್' ಅಂತ ಶುರುವಾಗೋ ಒಂದು ಸಾಲು ಇರುತ್ತೆ. ಅದರ ಕೊನೆಯ ನಾಲ್ಕು ಅಂಕಿಯೇ ಟೈರಿನ ಜಾತಕ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 2313. ಅಂದ್ರೆ 2013ರ ಇಪ್ಪತ್ಮೂರನೇ ವಾರ. ಹತ್ತು ವರ್ಷದ ಟೈರು! ಓಡದೇ ಇದ್ದ ಕಾರಣ ಸವೆದಿರಲಿಲ್ಲ, ಆದರೆ ವಯಸ್ಸು ನಿಂತಲ್ಲೇ ಆಗಿತ್ತು. ಎಷ್ಟೋ ಕಾರ್ ಕಂಪನಿಗಳು ಆರು ವರ್ಷಕ್ಕೇ ಟೈರ್ ಬದಲಾಯಿಸಿ ಅನ್ನುತ್ತವೆ, ಟೈರ್ ಕಂಪನಿಗಳು ಹತ್ತು ವರ್ಷ ಅಂದ್ರೆ ಕಡೆಯ ಗಡಿ ಅನ್ನುತ್ತವೆ. 'ಫಾಸ್ಟ್ ಅಂಡ್ ಫ್ಯೂರಿಯಸ್' ನಟ ಪಾಲ್ ವಾಕರ್ 2013ರಲ್ಲಿ ತೀರಿಕೊಂಡ ಅಪಘಾತ ನೆನಪಿದೆಯಾ? ಆತ ಕೂತಿದ್ದ ಪೋರ್ಷೆ ಕರೆರಾ ಜಿಟಿ ಅತಿ ವೇಗದಲ್ಲಿತ್ತು, ಅದೇ ಕಾರಣ ಅಂತ ತನಿಖೆ ಹೇಳಿತು. ಅದರ ಜೊತೆಗೇ ಸಿಕ್ಕ ಇನ್ನೊಂದು ಸಂಗತಿ, ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ಆಗಿತ್ತು. ನನ್ನ ನಾಣ್ಯದ ಪರೀಕ್ಷೆಗೆ ವಯಸ್ಸು ಗೊತ್ತಾಗಲ್ಲ. ಲಿಂಕನ್‌ಗೆ ಆಳ ಗೊತ್ತಾಗುತ್ತೆ, ಅಷ್ಟೇ.

ಸರಿ, ಹೊಸ ಟೈರ್ ಹಾಕಿಸಬೇಕು. ನಾನು ಸಾಫ್ಟ್‌ವೇರಿನವನು. ನಮಗೆ ಏನೇ ಭಯ ಆದರೂ ಮೊದಲು ಒಂದು ಎಕ್ಸೆಲ್ ಶೀಟ್ ತೆರೀತೀವಿ. ಹನ್ನೊಂದು ಟೈರು, ಒಂಬತ್ತು ಕಾಲಮ್ಮು. ಸೈಜು 205/45 ಆರ್17: ಅಗಲ 205 ಮಿಲಿಮೀಟರ್, ಗೋಡೆಯ ಎತ್ತರ ಅಗಲದ ನೂರಕ್ಕೆ 45ರಷ್ಟು, ಆರ್ ಅಂದ್ರೆ ರೇಡಿಯಲ್, ರಿಮ್ 17 ಇಂಚು. ಆಮೇಲೆ 84 ಡಬ್ಲ್ಯೂ: ಒಂದು ಟೈರು 500 ಕೆಜಿ ಹೊರುತ್ತೆ, ಗಂಟೆಗೆ 270 ಕಿಲೋಮೀಟರ್ ತಡೆಯುತ್ತೆ. ಇಷ್ಟು ಎಲ್ಲಾ ಟೈರಿಗೂ ಒಂದೇ. ವ್ಯತ್ಯಾಸ ಇರೋದು ರಬ್ಬರಿನಲ್ಲಿ.

ಸ್ಥೂಲವಾಗಿ ಮೂರು ಕುಲ. ಮೊದಲನೆಯದು ರೇಸಿಗೆ ಹತ್ತಿರದ್ದು, ಟ್ರೆಡ್‌ವೇರ್ ಅಂಕಿ 200. ಅಂಟಿನ ಹಾಗೆ ಹಿಡಿಯುತ್ತೆ, ಬೇಗ ಸವೆಯುತ್ತೆ. ಎರಡನೆಯದು ಸಮ್ಮರ್ ಟೈರು, ಮಿಶೆಲಿನ್ ಪೈಲಟ್ ಸ್ಪೋರ್ಟ್ ಥರದ್ದು. ಒಣ ರಸ್ತೆ, ಒದ್ದೆ ರಸ್ತೆ ಎರಡರಲ್ಲೂ ರಾಜ, ಆದರೆ ಚಳಿ 7 ಡಿಗ್ರಿಗಿಂತ ಇಳಿದರೆ ಅದರ ರಬ್ಬರ್ ಗಟ್ಟಿಯಾಗುತ್ತೆ. ಮೂರನೆಯದು ಪರ್ಫಾರ್ಮೆನ್ಸ್ ಆಲ್-ಸೀಸನ್, ಕಾಂಟಿನೆಂಟಲ್ ಡಿಡಬ್ಲ್ಯೂಎಸ್ ಥರದ್ದು. ಅದರ ಟ್ರೆಡ್ ಮೇಲೆ ಡಿ, ಡಬ್ಲ್ಯೂ, ಎಸ್ ಅಂತ ಅಕ್ಷರ ಕೊರೆದಿರುತ್ತಾರೆ, ಡ್ರೈ, ವೆಟ್, ಸ್ನೋ. ಸವೆದ ಹಾಗೆ ಮೊದಲು ಎಸ್ ಅಳಿಸುತ್ತೆ, ಆಮೇಲೆ ಡಬ್ಲ್ಯೂ. ಇನ್ನು ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ ಅಂತ ಟೈರೇ ಹೇಳುತ್ತೆ.

ಅಂದಹಾಗೆ ಟ್ರೆಡ್‌ವೇರ್ ಅಂಕಿಯನ್ನ ತೀರಾ ನಂಬಬೇಡಿ. ಟೆಕ್ಸಾಸಿನ ಸ್ಯಾನ್ ಆಂಜೆಲೋ ಸುತ್ತ 400 ಮೈಲಿಯ ಒಂದು ದಾರಿಯಲ್ಲಿ ಟೈರನ್ನ 7,200 ಮೈಲಿ ಓಡಿಸಿ, ಅದರ ಸವೆತದಿಂದ ಲೆಕ್ಕ ಹಾಕೋ ಅಂಕಿ ಅದು. ಕೊನೆಗೆ ಅಂಕಿ ಕೊಡೋದು ಆಯಾ ಕಂಪನಿಯೇ. ಒಂದು ಕಂಪನಿಯ ಎರಡು ಟೈರುಗಳನ್ನ ಹೋಲಿಸೋಕೆ ಪರವಾಗಿಲ್ಲ, ಎರಡು ಕಂಪನಿಗಳನ್ನ ಹೋಲಿಸೋಕೆ ಅಷ್ಟು ಸಾಲದು.

ನನ್ನ ಮನಸ್ಸು ಸಮ್ಮರ್ ಟೈರಿನ ಮೇಲೆ ನಿಂತಿತ್ತು. ಸ್ಪೋರ್ಟ್ಸ್ ಕಾರಿಗೆ ಆಲ್-ಸೀಸನ್ ಹಾಕೋದು ಅಂದ್ರೆ ರೇಷ್ಮೆ ಪಂಚೆಗೆ ಹವಾಯಿ ಚಪ್ಪಲಿ ಮೆಟ್ಟಿದ ಹಾಗೆ ಅಂತ ಅಪ್ಪನಿಗೆ ವಿವರಿಸಿದೆ. ಅಪ್ಪ ಶೀಟನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿದರು.

"ಇದನ್ನ ಎಲ್ಲಿಗೆ ಓಡಿಸ್ತೀಯ ನೀನು?"

"ರೈಲ್ವೇ ಸ್ಟೇಷನ್ನಿಗೆ. ದೇವಸ್ಥಾನಕ್ಕೆ. ಭಾನುವಾರ ಸುಮ್ನೆ ಒಂದು ರೌಂಡು."

"ಯಾವ್ಯಾವ ತಿಂಗಳು?"

"ಮಾರ್ಚ್ ಕೊನೆಯಿಂದ ನವೆಂಬರ್‌ವರೆಗೆ."

"ಮಾರ್ಚ್ ಬೆಳಗ್ಗೆ ಎಷ್ಟು ಡಿಗ್ರಿ ಇರುತ್ತೆ?"

ನಾನು ಸುಮ್ಮನಾದೆ. ಇಲ್ಲಿನ ಮಾರ್ಚ್ ಬೆಳಗ್ಗೆ ಎಷ್ಟೋ ದಿನ ಸೊನ್ನೆಯ ಹತ್ರ.

"ಪಕ್ಕದಲ್ಲಿ ಯಾರು ಕೂತ್ಕೋತಾರೆ?"

ನನ್ನ ಒಂಬತ್ತು ಕಾಲಮ್ಮಿನಲ್ಲಿ ಈ ಕಾಲಮ್ ಇರಲಿಲ್ಲ.

ಆ ರಾತ್ರಿ ಊಟ ಆದ ಮೇಲೆ, ನಾನು ಕೇಳದೇ, ಅಪ್ಪ ಒಂದು ಕತೆ ಹೇಳಿದರು. 1998ರ ಮಳೆಗಾಲ. ಲಾರಿಯ ಮುಂದಿನ ಎಡಗಡೆ ಚಕ್ರಕ್ಕೆ ರೀಸೋಲ್ ಮಾಡಿಸಿದ ಟೈರು. ರೀಸೋಲ್ ಟೈರನ್ನ ಹಿಂದೆ ಹಾಕ್ತಾರೆ, ಮುಂದಕ್ಕೆ ಹಾಕಲ್ಲ, ಇದು ಎಲ್ಲಾ ಡ್ರೈವರಿಗೂ ಗೊತ್ತು. (ಇಲ್ಲಿ ಬಸ್ಸಿನ ಮುಂದಿನ ಚಕ್ರಕ್ಕೆ ಹಾಕೋ ಹಾಗಿಲ್ಲ ಅಂತ ಕಾನೂನೇ ಇದೆ.) ಮಾಲೀಕ "ಇದೊಂದು ಟ್ರಿಪ್ ಹೋಗ್ಬಾ, ಬಂದ್ಮೇಲೆ ಹಾಕ್ಸೋಣ" ಅಂದನಂತೆ. ಕೆಂಪುಹೊಳೆ ಹತ್ರ ಇಳಿಜಾರಿನಲ್ಲಿ ರೀಸೋಲ್ ಕಿತ್ತು ಬಂತು, ಲಾರಿ ಎಡಕ್ಕೆ ಎಳೆದು ಧರೆಗೆ ಗುದ್ದಿತು. ಕಂದಕ ಬಲಗಡೆ ಇತ್ತು, ಬದುಕಿದರು. ಆದರೆ ಎಡಗಡೆ ಕೂತಿದ್ದ ಕ್ಲೀನರ್ ಹುಡುಗನ ಭುಜ ಮುರೀತು. ಹದಿನೇಳು ವರ್ಷದವನು. ಆ ಕೈ ಮತ್ತೆ ತಲೆಯಿಂದ ಮೇಲಕ್ಕೆ ಏಳಲಿಲ್ಲವಂತೆ.

"ಮಾಲೀಕಂದೇ ತಪ್ಪಲ್ವಾ ಅಪ್ಪ?" ಅಂದೆ.

"ಹೊರಡೋ ಮುಂಚೆ ನಾನು ಉಗುರಲ್ಲಿ ಒತ್ತಿ ನೋಡಿದ್ದೆ ಕಣೋ. ಗೊತ್ತಿತ್ತು ನಂಗೆ. ಆಗಲ್ಲ ಅಂದಿದ್ರೆ ಆ ಟ್ರಿಪ್ಪಿನ ಬಾಟ ಹೋಗ್ತಿತ್ತು. ಜೂನ್ ತಿಂಗಳು, ನಿನ್ನ ಸ್ಕೂಲ್ ಫೀಜು ಕಟ್ಬೇಕಿತ್ತು."

ನಾನು ಆಗ ಐದನೇ ಕ್ಲಾಸು. ಇಪ್ಪತ್ತೈದು ವರ್ಷ ಈ ಮಾತು ನಮ್ಮನೆಯಲ್ಲಿ ಬಂದಿರಲಿಲ್ಲ. ಏನು ಹೇಳಬೇಕು ಅಂತ ಗೊತ್ತಾಗದೆ ನಾನು ತಟ್ಟೆಗಳನ್ನ ಎತ್ತಿಕೊಂಡು ಸಿಂಕಿಗೆ ಹೋದೆ. ನಲ್ಲಿ ಬಿಟ್ಟು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಶನಿವಾರ ಟೈರ್ ಅಂಗಡಿಗೆ ಹೋದ್ವಿ. ಖರ್ಚು ಉಳಿಸೋಕೆ ಎರಡೇ ಟೈರ್ ಹಾಕಿಸಿದರೆ ಹೇಗೆ ಅಂತ ನಾನು ಸುಮ್ಮನೆ ಕೇಳಿದೆ. ಅಲ್ಲಿದ್ದ ಹುಡುಗ, ಎರಡೇ ಆದರೆ ಹೊಸವನ್ನ ಹಿಂದೆ ಹಾಕ್ತೀವಿ ಅಂದ. ನಾನು ಕನ್ನಡದಲ್ಲಿ ಹೇಳಿದ ತಕ್ಷಣ ಅಪ್ಪ ತಲೆ ಅಲ್ಲಾಡಿಸಿದರು. ಒಳ್ಳೆ ಟೈರು ಯಾವತ್ತೂ ಮುಂದೆ, ಮೂವತ್ತು ವರ್ಷದ ಅನುಭವ. ಹುಡುಗ ತಾಳ್ಮೆಯಿಂದ ವಿವರಿಸಿದ: ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತೆ, ವೇಗ ಇಳಿಸಿದರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತೆ. ಹಿಂದಿನದು ಜಾರಿದರೆ ಕಾರು ಬುಗುರಿ ಆಗುತ್ತೆ, ಅದನ್ನ ಹಿಡಿಯೋದು ಎಲ್ಲರ ಕೈಲೂ ಆಗಲ್ಲ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹೌದಪ್ಪ. ಅವತ್ತು ಜಾರಿದ್ದು ಹಿಂದಿಂದೇ ತಾನೆ" ಅಂದರು. ಲಾರಿಯ ಲೆಕ್ಕ ಬೇರೆ, ಈ ಪುಟ್ಟ ಗಾಡಿಯ ಲೆಕ್ಕ ಬೇರೆ ಅಂತ ಒಪ್ಪಿಕೊಂಡರು. ಹೇಗೂ ನಾಲ್ಕೂ ಸತ್ತಿದ್ದವು, ನಾಲ್ಕನ್ನೂ ಬದಲಾಯಿಸಿದ್ವಿ.

ಪರ್ಫಾರ್ಮೆನ್ಸ್ ಆಲ್-ಸೀಸನ್ನನ್ನೇ ಹಾಕಿಸಿದೆ. ಫಿಟ್ಟಿಂಗು, ಬ್ಯಾಲೆನ್ಸಿಂಗು ಎಲ್ಲಾ ಸೇರಿ 740 ಡಾಲರ್. ಹಾಕೋ ಮುಂಚೆ ಅಪ್ಪ ನಾಲ್ಕೂ ಟೈರಿನ ಅಂಕಿ ಓದಿಸಿದರು. ಮೂರು ಆ ವರ್ಷದ್ದು, ಒಂದು ಎರಡು ವರ್ಷ ಹಳೆಯದು. "ಅದನ್ನ ಬದಲಾಯಿಸೋಕೆ ಹೇಳು" ಅಂದರು. ನನಗೆ ಮುಜುಗರ, ಆದರೂ ಹೇಳಿದೆ. ಹುಡುಗ ಏನೂ ಅಂದುಕೊಳ್ಳದೆ ಒಳಗೆ ಹೋಗಿ ಬೇರೆ ತಂದ. ಕೇಳೋದು ಅಷ್ಟು ಸುಲಭ ಇತ್ತು.

ಕಾರು ಮೊದಲಿಗಿಂತ ಚೂಪಾಗಿದೆ ಅಂತ ನಾನು ಹೇಳಲ್ಲ. ಸ್ಟಿಯರಿಂಗ್ ತಿರುಗಿಸಿದಾಗ ಒಂದು ಕ್ಷಣ ಯೋಚಿಸಿ ತಿರುಗುತ್ತೆ. ಜುಲೈ ಬಿಸಿಲಲ್ಲಿ ಸಮ್ಮರ್ ಟೈರಿನ ನೆನಪು ಬಂದು ಹೊಟ್ಟೆ ಉರಿಯುತ್ತೆ. ಹಿಮ ಬಿದ್ದಾಗ ಇದನ್ನ ನಂಬಿ ಹೊರಡೋ ಹಾಗೂ ಇಲ್ಲ, ನಿಜವಾದ ವಿಂಟರ್ ಟೈರಿಗೆ ಗುಡ್ಡದ ಮೇಲೆ ಹಿಮದ ಹೂವು ಇರೋ ಗುರುತು ಬೇರೆ ಇರುತ್ತೆ. ಜನವರಿಯಲ್ಲಿ ಮಿಯಾಟಾ ಗ್ಯಾರೇಜಿನಲ್ಲಿ ಮಲಗುತ್ತೆ, ಹೆಂಡತಿಯ ಕಾರಿನಲ್ಲಿ ಓಡಾಡ್ತೀವಿ. ನೀವು ಚಳಿ ಇಲ್ಲದ ಊರಲ್ಲಿದ್ದು ಟ್ರ್ಯಾಕಿಗೆ ಹೋಗೋರಾದರೆ ಬೇರೆಯದನ್ನೇ ಆರಿಸಿ. ನಾನಂತೂ ಅಪ್ಪನ ನಾಲ್ಕು ಪ್ರಶ್ನೆಗೆ ಉತ್ತರ ಬರೆದು, ಆಮೇಲೆ ಎಕ್ಸೆಲ್ ಶೀಟ್ ನೋಡಿದೆ.

ಅಪ್ಪ ಊರಿಗೆ ಹೋಗಿ ಬಹಳ ದಿನ ಆಯ್ತು. ಭಾನುವಾರ ಫೋನ್ ಮಾಡಿದಾಗ ಮೊದಲ ಪ್ರಶ್ನೆ, "ಗಾಳಿ ನೋಡ್ದ್ಯಾ?" ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತೆ ಅಂತ ನಾನೇ ಅವರಿಗೆ ಹೇಳಿಕೊಟ್ಟಿದ್ದೆ, ಅದೀಗ ನನಗೇ ತಿರುಗುಬಾಣ. ಕಳೆದ ವಾರ ನೋಡದೇ "ಹ್ಞೂಂ, ನೋಡ್ದೆ" ಅಂದೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಹನ್ನೊಂದು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಇಳಿದು, ಮೀಟರ್ ಹಿಡಿದು ನಾಲ್ಕೂ ಚಕ್ರ ನೋಡಿದೆ. ಹಿಂದಿನ ಎಡಗಡೆದು ಮೂರು ಪಾಯಿಂಟ್ ಕಮ್ಮಿ ಇತ್ತು. ತುಂಬಿಸಿ, ಹಾಸನದಲ್ಲಿ ಬೆಳಗಾಗಿರುತ್ತೆ ಅಂತ ಮತ್ತೆ ಫೋನ್ ಮಾಡಿದೆ.