ಪಿಲಿಕುಳದಲ್ಲೊಂದು ಹಗಲು

ತುಳುವಿನಲ್ಲಿ 'ಪಿಲಿ' ಎಂದರೆ ಹುಲಿ, 'ಕುಳ' ಎಂದರೆ ಕೊಳ. ಹುಲಿಗಳು ನೀರಿಗಿಳಿಯುತ್ತಿದ್ದ ತಾಣವೆಂದು ಹೆಸರೇ ಸಾರುತ್ತದೆ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹಾದಿಯಲ್ಲಿ ವಾಮಂಜೂರಿನ ಬಳಿ, ಗುರುಪುರ ಹೊಳೆಯ ಮಗ್ಗುಲಲ್ಲಿ 350 ಎಕರೆಗೂ ಮಿಕ್ಕಿ ಹಬ್ಬಿರುವ ಈ ನಿಸರ್ಗಧಾಮಕ್ಕೆ ಡಾ. ಶಿವರಾಮ ಕಾರಂತರ ಹೆಸರನ್ನಿಟ್ಟಿರುವುದು ಉಚಿತವೇ ಆಗಿದೆ. ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದವರು ಅವರು. ಕಾಸರಗೋಡಿನವರಾದ ನಮಗೂ ಇದು ಪರವೂರಲ್ಲ. 1956ರ ತನಕ ನಾವೂ ದಕ್ಷಿಣ ಕನ್ನಡ ಜಿಲ್ಲೆಯವರೇ ತಾನೆ?

ಏಳನೆಯ ತರಗತಿಯ ಮಕ್ಕಳೊಡನೆ ಹೋಗಿದ್ದೆವು. ಹುಲಿ ಮಲಗಿತ್ತು, ಮಕ್ಕಳು ಪಿಸುಗುಟ್ಟಿದಾಗ ಕಿವಿಯನ್ನು ಅಲುಗಿಸಿದ್ದಷ್ಟೇ. ಆದರೆ ಕಾಳಿಂಗ ಸರ್ಪದ ಮುಂದೆ ಎಲ್ಲರೂ ಸ್ತಬ್ಧರಾದರು. ತರಗೆಲೆಗಳನ್ನು ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಇದೊಂದೇ. ಇಲ್ಲಿ ಅದರ ಮೊಟ್ಟೆಗಳನ್ನು ಕಾಪಿಟ್ಟು ಮರಿ ಮಾಡಿಸಿದ್ದಾರೆ. ಪಶ್ಚಿಮ ಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ ವನವೂ ಇದೆ. ಅಡಿಕೆ, ತೆಂಗು, ರಬ್ಬರುಗಳ ನಡುವೆ ಬೆಳೆದ ಮಕ್ಕಳಿಗೆ ಕಾಡನ್ನು ಹೀಗೆ ತೋರಿಸಬೇಕಾದ ಕಾಲ ಬಂದಿದೆ.

ಗುತ್ತಿನ ಮನೆಯ ಹೆಬ್ಬಾಗಿಲು, ಕಂಬಗಳ ಕೆತ್ತನೆ ಕಣ್ಣಿಗೆ ಹಬ್ಬ. ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರನ ಚಕ್ರವನ್ನೂ ಮಗ್ಗವನ್ನೂ ನೋಡುತ್ತಾ ಮುಂದುವರಿದೆವು. ಬಿದಿರಿನ ಬುಟ್ಟಿಯೊಂದರ ಎದುರು ನಮ್ಮ ಶಾಲೆಯ ಕೊರಗ ಬಾಲಕಿಯೊಬ್ಬಳು ನಿಂತುಬಿಟ್ಟಳು.

"ಮಾಷ್ಟ್ರೇ, ಇದು ಬಿದಿರು. ನಮ್ಮ ಅಜ್ಜಿ ಹೆಣೆಯುವುದು ಬೂರಿನಲ್ಲಿ."

ಬೂರೆಂದರೆ ಕಾಡುಬಳ್ಳಿ. ಅದನ್ನು ತಂದು, ಸಿಪ್ಪೆ ಸುಲಿದು, ಸೀಳಿ ಹೆಣೆಯುವ ಕ್ರಮವನ್ನು ಆಕೆ ಕೈಯಾಡಿಸಿ ವಿವರಿಸಿದಳು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ! ಸಹಪಾಠಿಗಳು ಸುತ್ತುವರಿದು ಪ್ರಶ್ನೆ ಕೇಳತೊಡಗಿದರು. ಬೂರು ಈಗ ಹತ್ತಿರ ಸಿಗುವುದಿಲ್ಲವಂತೆ. ಸಿಕ್ಕಿದರೂ ಪ್ಲಾಸ್ಟಿಕ್ ಬುಟ್ಟಿಯ ಮುಂದೆ ಕ್ರಯ ಕೇಳುವವರಿಲ್ಲ.

ಕೊರಗರು ಗಡಿಯ ಎರಡೂ ಕಡೆ ಇದ್ದಾರೆ. ಕರ್ನಾಟಕ, ಕೇರಳಗಳೆರಡರಲ್ಲೂ ಅವರನ್ನು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಅನ್ಯರ ರೋಗರುಜಿನ ಕಳೆಯಲೆಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದ 'ಅಜಲು' ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೆಯ ಇಸವಿಯ ಕಾನೂನೇ ಬೇಕಾಯಿತು. ನಮ್ಮ ಹಿರಿಯರ ಅಂಗಳಕ್ಕೆ ಅವರ ಬುಟ್ಟಿ ಬೇಕಿತ್ತು, ಅವರು ಬೇಕಿರಲಿಲ್ಲ. ವಯನಾಡಿನ ಪೂಕೋಡಿನಲ್ಲಿ 2022ರಲ್ಲಿ ತೆರೆದ ಆದಿವಾಸಿ ಪಾರಂಪರಿಕ ಗ್ರಾಮಕ್ಕೆ 'ಎನ್ ಊರು' ಎಂದು ಹೆಸರು. 'ನನ್ನ ಊರು' ಎಂಬ ಆ ಹೆಸರು ನನಗೆ ಹಿಡಿಸಿತು. ಕೊರಗರ ಹಾಡಿಯವರೂ ಹಾಗೆನ್ನುವಂತಹ ಒಂದು ಮೂಲೆ ಪಿಲಿಕುಳದಂತಹ ಕಡೆ ಇರಬೇಕು; ಹೆಣೆಯುವವರೇ ಕುಳಿತು ಹೇಳಬೇಕು, ತಕ್ಕ ಕ್ರಯವನ್ನೂ ಪಡೆಯಬೇಕು.

ಹೋಗುವವರು ಸೋಮವಾರದ ರಜೆಯನ್ನು ನೆನಪಿಡಿರಿ. ಕುಶಲಕರ್ಮಿಗಳ ಗ್ರಾಮವನ್ನು ಮೊದಲು ನೋಡುವುದು ಲೇಸು; ಮೃಗಾಲಯ ಸುತ್ತಿ ಬರುವಷ್ಟರಲ್ಲಿ ಮಕ್ಕಳ ಕಾಲು ಸೋತಿರುತ್ತದೆ.